ಬಿಚ್ಚಲು ಬರುವ ಯಂತ್ರವೇ ಅಗ್ಗ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದು. ಅಲ್ಲಿಂದೀಚೆಗೆ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಮುದುಕನ ಪಟ್ಟ ಬಂದಿದೆ. ವಿಂಡೋಸ್ 11 ಅಧಿಕೃತವಾಗಿ ಕೂರಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ 2017ರಲ್ಲಿ ಬಂದ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಹಳೆಯದನ್ನು ಬದಲಿಸಲು ಹೊರಟ ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಗೆ ಅಂಗಡಿಯವರು ಮೊದಲು ತೋರಿಸುವುದು ಅತಿ ಕಡಿಮೆ ಬೆಲೆಯ ಹೊಚ್ಚಹೊಸ ಲ್ಯಾಪ್‌ಟಾಪ್, ಜೊತೆಗೊಂದು ಕಾರ್ಟ್ರಿಜ್ ಪ್ರಿಂಟರ್. ಈ ಜೋಡಿ ಕೊಳ್ಳುವ ದಿನಕ್ಕೆ ಮಾತ್ರ ಅಗ್ಗ. ರಿಪೇರಿ ಎಂದರೆ ಬಹುತೇಕ ಕಲಬುರಗಿಗೇ ಹೋಗಬೇಕಾದ ತಾಲ್ಲೂಕುಗಳಿವು. ಆಳಂದ, ಜೇವರ್ಗಿಯಿಂದ ಅದು ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ 60ರ ಆಸುಪಾಸು. ಆದ್ದರಿಂದ ಬೆಲೆಚೀಟಿಗಿಂತ ಮೊದಲು ನೋಡಬೇಕಾದದ್ದು, ಆ ಯಂತ್ರವನ್ನು ಬಿಚ್ಚಿ ಭಾಗ ಬದಲಿಸಲು ಬರುತ್ತದೆಯೇ ಎಂಬುದನ್ನು.

ತೀರಾ ಅಗ್ಗದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕಡೆ 4 ಜಿಬಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಸ್ಟೋರೇಜ್ ಕೂಡ ಹಾಗೆಯೇ. ಎರಡು ವರ್ಷಕ್ಕೆ ನಿಧಾನವಾದರೆ ಮಾಡುವುದೇನೂ ಇಲ್ಲ. ಕಚೇರಿಗಳಿಂದ ಹೊರಬಿದ್ದ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490ರಂಥವುಗಳ ಮೈಕಟ್ಟೇ ಬೇರೆ. ಎರಡರಲ್ಲೂ ರ‍್ಯಾಮ್‌ಗೆ ಎರಡು ಸ್ಲಾಟ್ ಇದೆ, ಎಸ್‌ಎಸ್‌ಡಿ ಬಿಚ್ಚಿ ಹಾಕಬಹುದು. ಟಿ480ರ ಹಿಂಬದಿಯ ಬ್ಯಾಟರಿಗಂತೂ ಸ್ಕ್ರೂ ಡ್ರೈವರ್ ಕೂಡ ಬೇಡ. ಸೆಕೆಂಡ್ ಹ್ಯಾಂಡ್ ಎಂದರೆ ಜೂಜಲ್ಲವೇ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಈ ಜೂಜನ್ನು ಅಂಗಡಿಯ ಮೇಜಿನ ಮೇಲೆಯೇ ಪರೀಕ್ಷಿಸಬಹುದು. ಐ5-8250ಯು ಎಂಬ ಹೆಸರಿನಲ್ಲಿ ಅಡ್ಡಗೆರೆಯ ನಂತರದ 8 ತಲೆಮಾರನ್ನು ಹೇಳುತ್ತದೆ. ಒಂದೇ ಮಾಡೆಲ್ ಏಳನೇ ತಲೆಮಾರಿನ ಪ್ರೊಸೆಸರ್‌ನಲ್ಲೂ ಬಂದಿರುವುದುಂಟು, ಹಾಗಾಗಿ ಮಾಡೆಲ್ ಹೆಸರನ್ನಷ್ಟೇ ನಂಬಬಾರದು. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ. ಡಿಸೈನ್ ಕೆಪ್ಯಾಸಿಟಿ 50,000 ಇದ್ದು ಫುಲ್ ಚಾರ್ಜ್ ಕೆಪ್ಯಾಸಿಟಿ 25,000 ತೋರಿಸಿದರೆ ಬ್ಯಾಟರಿ ಅರ್ಧ ಸತ್ತಿದೆ ಎಂದರ್ಥ. ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ಒಮ್ಮೆ ರೀಸ್ಟಾರ್ಟ್ ಮಾಡಿಸಿ ಬಯಾಸ್‌ಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಪ್ರಿಂಟರಿನ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಖಾರ. ಸಣ್ಣ ಕಾರ್ಟ್ರಿಜ್‌ಗಳಲ್ಲಿ ಕೆಲವು ನೂರು ಚಿಲ್ಲರೆ ಪುಟಕ್ಕೇ ಬರಿದಾಗುತ್ತವೆ. ಇಂಕ್ ಟ್ಯಾಂಕ್ ಪ್ರಿಂಟರಿಗೆ ಸುರಿಯುವ ಎಪ್ಸನ್‌ನ 003 ಕಪ್ಪು ಶಾಯಿಯ 65 ಮಿಲಿ ಬಾಟಲಿಗೆ ಕಂಪನಿ ಹೇಳುವುದು ಸುಮಾರು 4,500 ಪುಟ. ಅಲ್ಲಿಗೆ ಇಂಕ್ ಟ್ಯಾಂಕ್ ಗೆದ್ದಿತು ಎನ್ನುವ ಹಾಗಿಲ್ಲ, ಏಕೆಂದರೆ ಅದರ ಹೊಟ್ಟೆಯೊಳಗೊಂದು ಸ್ಪಂಜಿದೆ. ಇಂಕ್ ಟ್ಯಾಂಕ್ ಕೂಡ ಇಂಕ್‌ಜೆಟ್ಟೇ, ಶಾಯಿ ಚಿಮ್ಮುವ ಅದರ ರಂಧ್ರಗಳು ಕೂದಲಿಗಿಂತ ಸಣ್ಣವು. ಪಾರಾ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಎರೆಭೂಮಿಯ ದೂಳಿನಲ್ಲಿ, ವಾರಗಟ್ಟಲೆ ಸುಮ್ಮನಿಟ್ಟರೆ ಶಾಯಿ ಅಲ್ಲೇ ಒಣಗಿ ಗೆರೆಗೆರೆಯಾಗಿ ಮೂಡುತ್ತದೆ. ಆಗ ಹೆಡ್ ಕ್ಲೀನಿಂಗ್ ಒತ್ತುತ್ತೇವೆ. ಪ್ರತಿ ಸಲವೂ ಒಳ್ಳೆಯ ಶಾಯಿಯೇ ರಂಧ್ರಗಳಿಂದ ಹೊರಬಂದು ಆ ಸ್ಪಂಜಿಗೆ ಇಳಿಯುತ್ತದೆ, ಎಷ್ಟು ಇಳಿಯಿತೆಂದು ಯಂತ್ರ ಒಳಗೇ ಎಣಿಸುತ್ತಿರುತ್ತದೆ. ಎಣಿಕೆ ಮಿತಿ ಮುಟ್ಟಿದ ದಿನ ಟ್ಯಾಂಕು ತುಂಬಿದ್ದರೂ, ಹೆಡ್ ಸರಿಯಿದ್ದರೂ, ಒಂದು ಪುಟವನ್ನೂ ಹೊರಹಾಕದೆ ಪ್ರಿಂಟರ್ ಮುಷ್ಕರ ಹೂಡುತ್ತದೆ. ಸ್ಪಂಜು ಬದಲಿಸಿ ಎಣಿಕೆಯನ್ನು ಸೊನ್ನೆಗೆ ತರುವವರೆಗೂ ಅದು ಜಪ್ಪಯ್ಯ ಎನ್ನುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಇದನ್ನು ಮನೆಯವರೇ ತೆಗೆದು ಹಾಕಬಹುದಾದ ಮೇಂಟೆನೆನ್ಸ್ ಬಾಕ್ಸ್ ಮಾಡಿದ್ದಾರೆ. ಎರಡು ಪ್ರಿಂಟರಿನ ನಡುವೆ ಬೇರೆಲ್ಲ ಸಮವಿದ್ದರೆ ಈ ಬಾಕ್ಸ್ ಇರುವುದಕ್ಕೇ ನನ್ನ ಮತ.

ಹಾಗಿದ್ದರೆ ಲೇಸರ್ ಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಅದರ ಟೋನರ್ ಒಣಪುಡಿ, ಮೂರು ತಿಂಗಳು ಮುಟ್ಟದಿದ್ದರೂ ಕೆಡುವುದಿಲ್ಲ. ಅಪರೂಪಕ್ಕೆ ಕಪ್ಪು ಅಕ್ಷರವಷ್ಟೇ ಬೇಕಾದವರಿಗೆ ಅದೇ ಸರಿ. ತೊಡಕಿರುವುದು ಕರೆಂಟಿನದು. ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿಗೆ ಕಾಯಬೇಕು. ಆ ಗಳಿಗೆಗೆ ಅದು ಎಳೆಯುವ ವಿದ್ಯುತ್ತು ನೂರಾರು ವಾಟ್, ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಅದು ಸಲ್ಲದ ಭಾರ. ಇಂಕ್‌ಜೆಟ್‌ಗಾದರೋ ಒಂದು ಎಲ್‌ಇಡಿ ಬಲ್ಬಿನಷ್ಟು ಸಾಕು. ಜೆಸ್ಕಾಂ ಕರೆಂಟು ಕೈಕೊಟ್ಟಾಗಲೂ ಪ್ರಿಂಟ್ ಬೇಕೆನ್ನುವವರು ಇದನ್ನು ಮರೆಯಬಾರದು.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ: ಝೆರಾಕ್ಸ್ ಅಂಗಡಿ ಇರುವಾಗ ಪ್ರಿಂಟರ್ ಏಕೆ? ಪುಟಕ್ಕೆ 5 ರೂಪಾಯಿ, ಪ್ರಿಂಟರಿಗೆ 12,000 ಎಂದಿಟ್ಟುಕೊಳ್ಳಿ. ಶಾಯಿ, ಕಾಗದ ಬಿಟ್ಟರೂ ಹಾಕಿದ ದುಡ್ಡು ಹುಟ್ಟಲು 2,400 ಪುಟ ಬೇಕು. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, 371(ಜೆ) ಪ್ರಮಾಣಪತ್ರದ ದಾಖಲೆ ಎಂದು ತಿಂಗಳಿಗೆ 20 ಪುಟ ತೆಗೆಯುವ ಮನೆಗೆ ಅದು ಹತ್ತು ವರ್ಷದ ಮಾತು. ಟ್ಯೂಷನ್ ಹೇಳುವ, ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರ ಮನೆಯ 200 ಪುಟಕ್ಕೆ ಒಂದೇ ವರ್ಷ. ಆ ಮೇಷ್ಟ್ರು ಇಂಕ್ ಟ್ಯಾಂಕ್ ತರಲಿ, ವಾರಕ್ಕೊಮ್ಮೆಯಾದರೂ ಬಣ್ಣದ ಪುಟವೊಂದನ್ನು ತೆಗೆಯಲಿ. ಉಳಿದವರು ಪ್ರಿಂಟರಿನ ಆಸೆ ಬಿಟ್ಟು, ಆ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ, ಹೊಸ ಎಸ್‌ಎಸ್‌ಡಿ ಹಾಕಿಸಿಕೊಳ್ಳುವುದೇ ಜಾಣತನ.