ಇನ್ಸುಲಿನ್ ಹಿಂದಿನ ನಾಯಿಗಳು

ಬೆಂಗಳೂರಿನ ಬೊಮ್ಮಸಂದ್ರದ ಬಯೋಕಾನ್ ಕಂಪನಿ 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ ಮಾರುಕಟ್ಟೆಗೆ ಬಿಟ್ಟಿತು. ಒಂದು ಕಾಲದಲ್ಲಿ ಇನ್ಸುಲಿನ್ ಬರ್ತಿದ್ದದ್ದು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ.

ಇನ್ನೂ ಹಿಂದೆ, 1921, ಟೊರಾಂಟೊ. ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು ನಾಯಿಗಳ ಈ ಗ್ರಂಥಿಯನ್ನೇ ಕತ್ತರಿಸಿ ತೆಗೆದರು. ರಕ್ತದಲ್ಲಿ ಸಕ್ಕರೆ ಏರಿತು. ಬೇರೆ ನಾಯಿಯ ಗ್ರಂಥಿಯ ಸಾರ ಚುಚ್ಚಿದರು, ಇಳಿಯಿತು. ನಾಯಿಗಳು ಸತ್ತವು; ಮರುವರ್ಷ ಇನ್ಸುಲಿನ್ ಪಡೆದು, ಮಧುಮೇಹದಿಂದ ಸಾವಿನಂಚಿನಲ್ಲಿದ್ದ ಮಕ್ಕಳು ಎದ್ದು ಕೂತರು. ಈ ಲೆಕ್ಕ ನನಗಂತೂ ಸಲೀಸಾಗಿ ತಾಳೆಯಾಗಲ್ಲ.

ಪ್ರಾಣಿಗಳ ಮೇಲಿನ ಪ್ರಯೋಗ ಈಗಲೂ ನಿಂತಿಲ್ಲ. ಔಷಧಿಗಳ ಸುರಕ್ಷತಾ ಪರೀಕ್ಷೆ ಮಾಡೋ ಲ್ಯಾಬು ನಮ್ಮ ಬೆಂಗಳೂರಿನ ಪೀಣ್ಯದಲ್ಲೂ ಇದೆ. ಪ್ರಾಣಿಗಳನ್ನು ಬಳಸೋಕೆ ನೈತಿಕ ಸಮಿತಿ ಒಪ್ಪಲೇಬೇಕು. 2023ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಮಾನವ ಜೀವಕೋಶ, ಆರ್ಗನ್ ಚಿಪ್ (ಅಂಗದ ಕೆಲಸ ಅನುಕರಿಸೋ, ಜೀವಕೋಶಗಳಿರೋ ಚಿಪ್), ಕಂಪ್ಯೂಟರ್ ಮಾದರಿಗಳ ಪರೀಕ್ಷೆಗೂ ಅವಕಾಶ ಕೊಟ್ಟಿತು. ಬೆಂಗಳೂರಿನ ಪ್ಯಾಂಡೋರಮ್ ಕಂಪನಿ 2015ರಲ್ಲೇ ಲಿವರ್ ಅಂಗಾಂಶವನ್ನ 3ಡಿ ಮುದ್ರಣದಲ್ಲಿ ತಯಾರಿಸಿತ್ತು. ಆದ್ರೆ ಅದರ ಮೇಲೆ ಪರೀಕ್ಷಿಸಿದ ಗುಳಿಗೆ ಹೃದಯಕ್ಕೆ, ಮಿದುಳಿಗೆ ಏನು ಮಾಡುತ್ತೆ? ಲಿವರ್ ತುಣುಕು ಅದನ್ನ ಹೇಳಲ್ಲ.