ಬೈಬಲ್ಲಿನ ಕಾಲಗಣನೆಯೂ ಜೇವರ್ಗಿಯ ಕಲ್ಲುಗುಪ್ಪೆಯೂ

ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಭೀಮಾ ತೀರದ ಫಿರೋಜಾಬಾದಿನ ಹಾಳು ಕೋಟೆಯ ಹೆಸರು ಕೇಳಿರುತ್ತಾರೆ. ಬಹಮನಿ ಸುಲ್ತಾನ ಫಿರೋಜ್ ಷಾ ಕಟ್ಟಿಸಿದ ಊರು ಅದು. ಆರುನೂರು ವರ್ಷ ಎಂದರೆ ನಮಗೆ ಬಹಳ ಹಳೆಯದೆಂದೇ ಅನಿಸುತ್ತದೆ. ಆದರೆ ಹೊಳೆ ದಾಟಿದ ಮೇಲೆ ಸಿಗುವ ಜೇವರ್ಗಿಯ ಸೀಮೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹಳೆಯ ಗೋರಿಗಳಿದ್ದವು. 1850ರ ಆಸುಪಾಸಿನಲ್ಲಿ ಅವನ್ನು ಅಗೆಸಿ ನೋಡಿದವರು, ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್.

ಟೇಲರ್ ಹೆಸರು ಈ ಭಾಗದ ಓದುಗರಿಗೆ ಹೊಸದಲ್ಲ. ಹುಡುಗನಾಗಿದ್ದಾಗಲೇ ಭಾರತಕ್ಕೆ ಬಂದು, ನಿಜಾಮರ ಚಾಕರಿಗೆ ಸೇರಿ, ಠಕ್ಕರ ಕುರಿತ ಕಾದಂಬರಿಯಿಂದ ವಿಲಾಯತಿಯಲ್ಲಿ ಹೆಸರಾದವರು. ಸುರಪುರದ ಬಾಲರಾಜ ವೆಂಕಟಪ್ಪ ನಾಯಕ ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1853ರಲ್ಲಿ ಅವರಿಗೆ ವರ್ಗವಾದದ್ದು ಆಳಂದದಿಂದ ಹೆಚ್ಚು ದೂರವಿಲ್ಲದ ನಳದುರ್ಗಕ್ಕೆ. ಇಷ್ಟೆಲ್ಲ ಬಲ್ಲವರಿಗೂ ಅವರು ಗೋರಿ ಅಗೆದ ಸಂಗತಿ ಅಷ್ಟಾಗಿ ತಿಳಿದಿಲ್ಲ. ನನಗೂ ಶಾಲೆಯ ಯಾವ ಪಠ್ಯದಲ್ಲೂ ಅದು ಸಿಕ್ಕಿರಲಿಲ್ಲ.

ಹೊರಗೆ ದುಂಡಾಗಿ ನಿಲ್ಲಿಸಿದ ಕಲ್ಲುಗಳು, ನಡುವೆ ಕಲ್ಲುಮಣ್ಣಿನ ಗುಪ್ಪೆ, ಅದರಡಿ ಶವವಿಟ್ಟ ಗುಂಡಿ ಅಥವಾ ಚಪ್ಪಡಿಗಳಿಂದ ಕಟ್ಟಿದ ಪೆಟ್ಟಿಗೆಯಂಥ ಕೋಣೆ. ಒಳಗೆ ಮನುಷ್ಯರ ಎಲುಬು, ಕೆಂಪು ಕಪ್ಪು ಬಣ್ಣದ ಮಡಕೆ, ತುಕ್ಕು ಹಿಡಿದ ಕಬ್ಬಿಣದ ಸಾಮಾನು. ಕೆಲವೆಡೆ ರುಂಡ ಮುಂಡ ಬೇರೆ ಬೇರೆ ಇದ್ದವು. ಸಿಕ್ಕಿದ್ದನ್ನು ಎತ್ತಿಕೊಂಡು ಟೇಲರ್ ಸುಮ್ಮನಾಗಲಿಲ್ಲ. ಗುಪ್ಪೆಯನ್ನು ನಟ್ಟನಡುವೆ ಸೀಳಿದರೆ ಯಾವ ಪದರ ಎಲ್ಲಿದೆ, ಎಲುಬು ಎಷ್ಟು ಆಳದಲ್ಲಿದೆ, ಮಡಕೆ ಯಾವ ಮಗ್ಗುಲಲ್ಲಿದೆ ಎಂದು ತೋರಿಸುವ ಚಿತ್ರಗಳನ್ನು ಬರೆದಿಟ್ಟರು. ನೂರು ವರ್ಷಗಳ ನಂತರ, 1954ರಲ್ಲಿ, ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ವಿಧಾನದ ಬಗ್ಗೆ ಬರೆದ ಪುಸ್ತಕದಲ್ಲಿ ಟೇಲರ್ ಅವರ ಈ ಎಚ್ಚರವನ್ನು ಮೆಚ್ಚಿಕೊಂಡಿದ್ದಾರೆ.

ಕಂಡದ್ದನ್ನು ಇಷ್ಟು ಸರಿಯಾಗಿ ಬರೆದವರು, ಕಂಡದ್ದರ ಅರ್ಥ ಹೇಳುವಾಗ ಎಡವಿದರು. ಯಾಕೆ? ಇದಕ್ಕೆ ಆ ಕಾಲದ ಕ್ರೈಸ್ತ ಜಗತ್ತಿನ ಗಡಿಯಾರವನ್ನು ಸ್ವಲ್ಪ ನೋಡಬೇಕು.

ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ, ಇತರ ರಾಜ್ಯಗಳ ಇತಿಹಾಸದೊಡನೆ ತಾಳೆ ನೋಡಿ, ಸೃಷ್ಟಿ ನಡೆದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಲೆಕ್ಕ ಹಾಕಿದರು. ನೋಹನ ಕಾಲದ ಜಲಪ್ರಳಯ ಕ್ರಿಸ್ತಪೂರ್ವ 2348ರಲ್ಲಿ. ಇಂದು ಇದನ್ನು ಕೇಳಿ ನಗುವುದು ಸುಲಭ. ಆದರೆ ಆ ಕಾಲಕ್ಕೆ ಅದು ಪಂಡಿತರ ಕೆಲಸವೇ ಆಗಿತ್ತು. 1701ರಿಂದ ಈ ಇಸವಿಗಳು ಇಂಗ್ಲಿಷ್ ಬೈಬಲ್ಲಿನ ಅಂಚಿನಲ್ಲಿ ಅಚ್ಚಾಗತೊಡಗಿದವು. ಅಂಚಿನಲ್ಲಿದ್ದ ಅಂಕಿಯನ್ನು ಜನ ಗ್ರಂಥದ ಮಾತೇ ಎಂದುಕೊಂಡರು. ಬೈಬಲ್ಲಿನ ಮೂಲದಲ್ಲಿ 4004 ಎಂಬ ಸಂಖ್ಯೆ ಎಲ್ಲಿಯೂ ಇಲ್ಲ ಎಂಬುದು ಮರೆತೇಹೋಯಿತು.

ಪ್ರಳಯದ ನಂತರ ಭೂಮಿಯ ಜನರೆಲ್ಲ ನೋಹನ ಮೂವರು ಮಕ್ಕಳಿಂದ ಹರಡಿದರು ಎಂದ ಮೇಲೆ, ಎಲ್ಲೇ ಹಳೆಯ ಕಲ್ಲು ಸಿಕ್ಕರೂ ಅದನ್ನು ಯಾವ ಜನ ಎಲ್ಲಿಂದ ಹೊತ್ತು ತಂದರು ಎಂಬುದೇ ಪ್ರಶ್ನೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಡ್ರೂಯಿಡ್ ಪುರೋಹಿತರದು, ಅವರ ಧರ್ಮ ಅಬ್ರಹಾಮನ ಧರ್ಮಕ್ಕೆ ಹತ್ತಿರದ್ದು ಎಂದು 1740ರಲ್ಲಿ ಬರೆದ ವಿಲಿಯಂ ಸ್ಟ್ಯೂಕ್ಲಿ ಸ್ವತಃ ಪಾದ್ರಿ. ಟೇಲರ್ ತಾಯ್ನಾಡಿಗೆ ಮರಳಿದ ಮೇಲೆ 1860ರ ದಶಕದಲ್ಲಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಮೂಲಕ ತಮ್ಮ ಪ್ರಬಂಧ ಪ್ರಕಟಿಸಿದಾಗ, ದಖನ್ನಿನ ಈ ಗೋರಿಗಳಿಗೆ ಕೊಟ್ಟ ವಿಶೇಷಣಗಳು ಮೂರು: ಕೆಲ್ಟಿಕ್, ಡ್ರೂಯಿಡ್, ಇಲ್ಲವೇ ಸಿಥಿಯನ್. ಜೇವರ್ಗಿಯಲ್ಲಿ ಸತ್ತವರು ಜೇವರ್ಗಿಯವರೇ ಇರಬಹುದೆಂಬ ಆಯ್ಕೆ ಆ ಪಟ್ಟಿಯಲ್ಲಿ ಇರಲಿಲ್ಲ! ರುಂಡ ಬೇರೆಯಾದ ಎಲುಬು ಕಂಡು ಅವರು ನರಬಲಿ ಎಂದು ಊಹಿಸಿದರು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೇ ಬಗೆಯ ಗೋರಿಗಳನ್ನು ಅಗೆದ ವೀಲರ್‌ಗೆ ಬೇರೆ ಪದ್ಧತಿ ಕಂಡಿತು. ಶವವನ್ನು ಮೊದಲು ಬಯಲಿಗಿಟ್ಟು, ಉಳಿದ ಎಲುಬನ್ನು ಆಮೇಲೆ ಆಯ್ದು ತಂದು ಹೂಳುವುದು. ರುಂಡ ಬೇರೆ ಸಿಕ್ಕರೆ ಕತ್ತಿಯೇ ಕಾರಣವಾಗಬೇಕಿಲ್ಲ.

ನಮ್ಮ ರೈತರು ಇಂಥ ಕಲ್ಲುಮನೆಗಳನ್ನು ಮೋರೇರ ಮನೆ ಎಂದು ಕರೆದು, ಗೇಣುದ್ದದ ಕುಳ್ಳರು ಕಟ್ಟಿದ್ದೆನ್ನುತ್ತಿದ್ದರು. ಡ್ರೂಯಿಡರ ಕಥೆ ಅದಕ್ಕಿಂತ ಹೆಚ್ಚು ನಂಬುವಂತಹದೇನೂ ಅಲ್ಲ.

ಒಂದು ವಿಚಿತ್ರವೆಂದರೆ, ಈ ಗೋರಿಗಳು ಅಷರ್ ಗಡಿಯಾರವನ್ನು ಕೆಡಿಸಲಿಲ್ಲ. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳಿಗೆ ಸುಮಾರು ಮೂರು ಸಾವಿರ ವರ್ಷ. ಆರು ಸಾವಿರದೊಳಗೆ ಅವು ಹಾಯಾಗಿ ಹಿಡಿಸುತ್ತವೆ. ಗಡಿಯಾರ ನಿಂತದ್ದು ಗೋರಿಯ ಕೆಳಗಿನ ನೆಲದಿಂದ.

ಆಳಂದ, ಅಫಜಲಪುರದ ಕಡೆ ತೊಗರಿ, ಬಿಳಿಜೋಳ ಬೆಳೆಯುವ ಎರಿ ಹೊಲ ಇದೆಯಲ್ಲ, ಆ ಕಪ್ಪು ಮಣ್ಣು ಹುಟ್ಟಿದ್ದು ಲಾವಾ ಹರಿದು ಗಟ್ಟಿಯಾದ ಕರಿಕಲ್ಲು ಸವೆದು. ಇದೇ ಕರಿಕಲ್ಲಿನ ಹಾಸು ಉತ್ತರಕ್ಕೆ ನಾಗಪುರದವರೆಗೂ ಇದೆ. ಅಲ್ಲಿ 1850ರ ದಶಕದಲ್ಲಿ ಈ ಕಲ್ಲನ್ನು ಓದಲು ಕುಳಿತವರು ಸ್ಟೀಫನ್ ಹಿಸ್ಲಪ್ ಎಂಬ ಸ್ಕಾಟಿಷ್ ಪಾದ್ರಿ. ಮಿಷನ್ ಶಾಲೆ ನಡೆಸುವುದು, ಉಪದೇಶ ಮಾಡುವುದು ಅವರ ಕೆಲಸ. ಬಿಡುವಿನಲ್ಲಿ ಸುತ್ತಿಗೆ ಹಿಡಿದು ಗುಡ್ಡ ಸುತ್ತುತ್ತಿದ್ದರು. ಜೊತೆಗಾರ ರಾಬರ್ಟ್ ಹಂಟರ್ ಕೂಡ ಪಾದ್ರಿಯೇ.

ಅವರಿಗೆ ಸಿಕ್ಕಿದ್ದು ಎರಡು ಲಾವಾ ಪದರಗಳ ನಡುವೆ ಸಿಲುಕಿದ ತೆಳುವಾದ ಕೆಸರುಗಲ್ಲು. ಅದರಲ್ಲಿ ಸಿಹಿನೀರಿನ ಬಸವನಹುಳುವಿನ ಚಿಪ್ಪು, ಗಿಡದ ಬೀಜ, ಕಾಂಡ. ನಮ್ಮ ಗುರುಮಠಕಲ್ ಬಳಿಯೂ ಇಂಥ ಪದರ ಇದೆ. ಇದರ ಅರ್ಥ ಏನು? ಒಮ್ಮೆ ಲಾವಾ ಹರಿದು ನಿಂತಿತು, ತಣ್ಣಗಾಯಿತು. ಮೇಲೆ ಮಳೆ ಬಿದ್ದು ತಗ್ಗಿನಲ್ಲಿ ಕೆರೆಯಾಯಿತು. ದಂಡೆಯಲ್ಲಿ ಗಿಡ ಬೆಳೆಯಿತು, ನೀರಿನಲ್ಲಿ ಹುಳು ತಲೆತಲಾಂತರ ಬದುಕಿ ಸತ್ತು ಕೆಸರಿನಲ್ಲಿ ಕೂತವು. ಅದರ ಮೇಲೆ ಮತ್ತೆ ಬೆಂಕಿ ಹರಿಯಿತು. ಒಂದು ವರ್ಷದ ಜಲಪ್ರಳಯದಲ್ಲಿ ಇದು ಆಗುವಂಥದಲ್ಲ. ಪ್ರತಿ ಪದರಕ್ಕೂ ತನ್ನದೇ ಬಿಡುವು ಬೇಕು. ಇಂದಿನ ಲೆಕ್ಕದಲ್ಲಿ ಈ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಹಿಸ್ಲಪ್‌ಗೆ ಈ ಅಂಕಿ ತಿಳಿಯುವ ದಾರಿ ಇರಲಿಲ್ಲ, ಆದರೆ ಕಾಲ ದೀರ್ಘವಾದದ್ದೆಂದು ಹೇಳಲು ಒಂದು ಚಿಪ್ಪು ಸಾಕಿತ್ತು.

ಹಾಗಾದರೆ ಪಾದ್ರಿಯ ನಂಬಿಕೆ ಕುಸಿಯಿತೇ? ಇಲ್ಲ. ಧರ್ಮಕ್ಕೂ ವಿಜ್ಞಾನಕ್ಕೂ ಸದಾ ಹಾವು ಮುಂಗುಸಿಯ ಜಗಳ ಎಂದು ಭಾವಿಸಿದವರು ಇಲ್ಲಿ ಗಮನಿಸಬೇಕು. ಹಿಸ್ಲಪ್ ಸೇರಿದ್ದ ಫ್ರೀ ಚರ್ಚ್ ಪಂಥದಲ್ಲೇ ಹ್ಯೂ ಮಿಲ್ಲರ್ ಎಂಬ ಹೆಸರಾಂತ ಪತ್ರಿಕಾ ಸಂಪಾದಕರಿದ್ದರು. ಮೊದಲು ಕಲ್ಲುಕುಟಿಗರಾಗಿದ್ದು ಆಮೇಲೆ ಭೂವಿಜ್ಞಾನಿಯಾದವರು. ಸೃಷ್ಟಿಯ ಆರು ದಿನಗಳೆಂದರೆ ಆರು ಗಡಿಯಾರದ ದಿನಗಳಲ್ಲ, ದೀರ್ಘ ಯುಗಗಳು ಎಂದು 1857ರಲ್ಲಿ ಹೊರಬಂದ ಅವರ ಪುಸ್ತಕ ವಾದಿಸಿತ್ತು. ಅಷರ್ ಇಸವಿ ಕೈಬಿಟ್ಟರೆ ಬೈಬಲ್ ಕೈಬಿಟ್ಟಂತಲ್ಲ ಎಂಬುದು ಭೂವಿಜ್ಞಾನ ಬಲ್ಲ ಅನೇಕ ಪಾದ್ರಿಗಳ ನಿಲುವಾಗಿತ್ತು.

ಭೂಮಿಯ ವಯಸ್ಸನ್ನು ಹಿಗ್ಗಿಸುವುದಕ್ಕೆ ಹೀಗೆ ದಾರಿ ಸಿಕ್ಕಿತು. ಮನುಷ್ಯನ ವಯಸ್ಸನ್ನು ಹಿಗ್ಗಿಸುವುದು ಅಷ್ಟು ಸಲೀಸಾಗಿರಲಿಲ್ಲ. ಆದಾಮ ಯಾವಾಗ ಇದ್ದ ಎಂಬುದು ಪಾಪ, ಮೋಕ್ಷದ ವಿಚಾರಕ್ಕೂ ತಗಲುತ್ತದೆ. ಈ ಪ್ರಶ್ನೆ 1863ರಲ್ಲಿ ಭಾರತಕ್ಕೂ ಬಂತು. ಆ ವರ್ಷ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಬಳಿ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧ ಹೆಕ್ಕಿದರು. ಅವರ ಮಾವ ಪೀಟರ್ ಪರ್ಸಿವಲ್ ತಮಿಳು ಬೈಬಲ್ ಅನುವಾದದಲ್ಲಿ ಕೈಯಾಡಿಸಿದ ಪಾದ್ರಿ. ಆ ಮನೆಯ ಊಟದ ಮೇಜಿನಲ್ಲಿ ಏನು ಮಾತಾಯಿತೋ! ಫೂಟ್ ಆಮೇಲೆ ನಮ್ಮ ಕಡೆಯ ನೆಲವನ್ನೂ ಅಲೆದು, ದಕ್ಷಿಣ ಮರಾಠಾ ಸೀಮೆ ಮತ್ತು ಅದರ ಸುತ್ತಲಿನ ಭೂರಚನೆಯ ಕುರಿತು 1876ರಲ್ಲಿ ವರದಿ ಪ್ರಕಟಿಸಿದರು. ಅವರು ತೋರಿಸಿದ ದಾರಿಯಲ್ಲೇ ಕೆ. ಪದ್ದಯ್ಯ ಅವರು ಹುಣಸಗಿ ಬಳಿಯ ಇಸಾಂಪುರವನ್ನು 1990ರ ದಶಕದ ಕೊನೆಯಲ್ಲಿ ಅಗೆದರು. ಸುಣ್ಣದ ಕಲ್ಲನ್ನು ಒಡೆದು ಕೊಡಲಿ ಮಾಡುತ್ತಿದ್ದ ಆದಿಮಾನವರ ಕಾರ್ಖಾನೆಯೇ ಅಲ್ಲಿ ಸಿಕ್ಕಿತು. ಅಲ್ಲಿನ ದನದ ಜಾತಿಯ ಪ್ರಾಣಿಯ ಹಲ್ಲಿನ ಪರೀಕ್ಷೆ ಕೊಟ್ಟ ಕಾಲ ಸುಮಾರು 12 ಲಕ್ಷ ವರ್ಷ. ಟೇಲರ್ ಆಳಿದ ಸುರಪುರದ ಸೀಮೆಯೇ ಅದು.

ಹಿಸ್ಲಪ್ ಕಥೆಯಲ್ಲಿ ಒಂದು ಮಾತು ಉಳಿದಿದೆ. ಫೂಟ್ ಆಯುಧ ಹೆಕ್ಕಿದ ಅದೇ 1863ರ ಸೆಪ್ಟೆಂಬರ್ 4ರಂದು ಅವರು ನಾಗಪುರದ ಹತ್ತಿರದ ತಾಕಳಘಾಟ್‌ಗೆ ಹೋಗಿದ್ದರು, ಜೇವರ್ಗಿಯಲ್ಲಿದ್ದಂಥದೇ ಕಲ್ಲುವೃತ್ತಗಳನ್ನು ನೋಡಲು. ಅಲ್ಲಿಯೂ ಮಡಕೆ, ಕಬ್ಬಿಣ. ಕತ್ತಲಾದ ಮೇಲೆ ಕುದುರೆಯೇರಿ ಬೋರಿಯ ಕಡೆ ಮರಳುವಾಗ ದಾರಿಯ ಹಳ್ಳಕ್ಕೆ ನೀರು ಬಂದಿತ್ತು. ಪಾದ್ರಿ ಅದರಲ್ಲಿ ಮುಳುಗಿ ಸತ್ತರು. ವಯಸ್ಸು 45. ಅವರು ಬರೆದಿಟ್ಟ ಕಾಗದಗಳನ್ನು ರಿಚರ್ಡ್ ಟೆಂಪಲ್ 1866ರಲ್ಲಿ ಅಚ್ಚು ಹಾಕಿಸಿದರು.