ಮರುಬಳಕೆ ಸಾಮಗ್ರಿಯ ಖರೀದಿ: ದರ ಬೇರೆ, ವೆಚ್ಚ ಬೇರೆ

ಬಳಸಿ ಬಿಟ್ಟ ವಸ್ತುವನ್ನು ಕರಗಿಸಿ ಮತ್ತೆ ಬಳಕೆಗೆ ತರುವುದು ನಮ್ಮ ವ್ಯಾಪಾರಿಗಳಿಗೆ ಹೊಸ ವಿಷಯವೇನೂ ಅಲ್ಲ. ಹಳೆಯ ತಾಮ್ರದ ಕೊಡವನ್ನು ತೂಕಕ್ಕೆ ಹಾಕಿ ಹೊಸ ಪಾತ್ರೆ ಕೊಳ್ಳುವ ಪದ್ಧತಿ ಪಾತ್ರೆ ಅಂಗಡಿಗಳಲ್ಲಿ ಇಂದಿಗೂ ಇದೆ. ಬೆಳಗಾವಿಯ ಎರಕದ ಕಾರ್ಖಾನೆಗಳ ಕುಲುಮೆಗಳಿಗೆ ಗುಜರಿ ಉಕ್ಕು ಮುಖ್ಯ ಕಚ್ಚಾ ಸಾಮಗ್ರಿಗಳಲ್ಲೊಂದು. ಸರಕು ತುಂಬುವ ಕಂದು ರಟ್ಟಿನ ಪೆಟ್ಟಿಗೆಗಳ ಬಹುಪಾಲು ರದ್ದಿ ಕಾಗದದಿಂದಲೇ ತಯಾರಾಗುತ್ತದೆ. ಆದರೂ ಖರೀದಿ ಆದೇಶ ಬರೆಯುವಾಗ ‘ಮರುಬಳಕೆ’ ಎಂದೊಡನೆ ಕೀಳು ಮಾಲೆಂದು ದೂರ ಸರಿಯುವವರಿದ್ದಾರೆ. ದರ ಕಡಿಮೆಯೆಂದು ಮುಗಿಬೀಳುವವರೂ ಇದ್ದಾರೆ. ಎರಡೂ ಲೆಕ್ಕ ಹಾಕದೆ ಕೈಗೊಂಡ ತೀರ್ಮಾನಗಳೇ.

ಉಳಿತಾಯದ ಮೂಲ

ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ಸುಮಾರು ಶೇ. 5ರಷ್ಟು ಮಾತ್ರ ಹಳೆಯ ಅಲ್ಯೂಮಿನಿಯಂ ಕರಗಿಸಲು ಸಾಕು. ಕೇಂದ್ರ ಸರ್ಕಾರದ 2019ರ ಉಕ್ಕಿನ ಗುಜರಿ ಮರುಬಳಕೆ ನೀತಿಯ ಪ್ರಕಾರ, ಒಂದು ಟನ್ ಗುಜರಿಯ ಬಳಕೆಯಿಂದ 1.1 ಟನ್ ಕಬ್ಬಿಣದ ಅದಿರು ಹಾಗೂ 630 ಕಿಲೋ ಕೋಕಿಂಗ್ ಕಲ್ಲಿದ್ದಲು ಉಳಿಯುತ್ತವೆ. ಲೋಹವನ್ನು ಸರಿಯಾಗಿ ವಿಂಗಡಿಸಿ ಕರಗಿಸಿದರೆ ಅದರ ಗುಣ ಕೆಡದು. ಆದರೆ ಕಾಗದದ ನಾರು ಪ್ರತಿ ಸುತ್ತಿನಲ್ಲೂ ಕುಗ್ಗುತ್ತದೆ. ಪ್ಲಾಸ್ಟಿಕ್ ಪ್ರತಿ ಸಲ ಕಾಯಿಸಿದಾಗಲೂ ಸ್ವಲ್ಪ ಕಸುವು ಕಳೆದುಕೊಳ್ಳುತ್ತದೆ. ಆದ್ದರಿಂದ ಎಲ್ಲ ಸಾಮಗ್ರಿಗೂ ಒಂದೇ ಅಳತೆಗೋಲು ಸಲ್ಲದು.

ಒಂದು ಸರಳ ಲೆಕ್ಕ

ಪ್ಲಾಸ್ಟಿಕ್ ಅಚ್ಚಿನ ಒಂದು ಘಟಕವನ್ನು ಉದಾಹರಣೆಗಾಗಿ ಭಾವಿಸೋಣ. ತೆರಿಗೆ ಬಿಟ್ಟು ಹೊಸ ಹರಳಿನ ದರ ಕಿಲೋಗೆ 100 ರೂ., ಮರುಬಳಕೆ ಹರಳಿನದು 80 ರೂ. ಸಾವಿರ ಕಿಲೋ ಹೊಸ ಹರಳಿನಿಂದ 980 ಕಿಲೋ ಉತ್ತಮ ಮಾಲು ಬಂದರೆ ಕಿಲೋಗೆ ತಗಲುವ ವೆಚ್ಚ 102.04 ರೂ. ಮರುಬಳಕೆ ಹರಳಿನಲ್ಲಿ ತಿರಸ್ಕೃತ ಮಾಲು ಹೆಚ್ಚಾಗಿ 930 ಕಿಲೋ ಮಾತ್ರ ಬಂದರೂ ವೆಚ್ಚ 86.02 ರೂ. ದರದಲ್ಲಿ ಕಂಡ 20 ರೂ. ವ್ಯತ್ಯಾಸ 16 ರೂ.ಗೆ ಇಳಿದರೂ ಲಾಭ ಲಾಭವೇ.

ಆದರೆ ಮಾರಿದವನು ತೆರಿಗೆ ಕಟ್ಟದಿದ್ದರೆ? ಕೇಂದ್ರ ಜಿಎಸ್‌ಟಿ ಕಾಯಿದೆಯ 16ನೆಯ ಕಲಮಿನಂತೆ, ಬಿಲ್ಲಿನ ವಿವರವನ್ನು ಮಾರಾಟಗಾರ ಸಲ್ಲಿಸಿರಬೇಕು, ತೆರಿಗೆಯು ಸರ್ಕಾರಕ್ಕೆ ಸಂದಿರಬೇಕು. ಇಲ್ಲವಾದರೆ ಇನ್‌ಪುಟ್ ತೆರಿಗೆ ಜಮೆ ಕೈತಪ್ಪುತ್ತದೆ. ಆಗ 80 ರೂ.ಗೆ ಶೇ. 18ರ ತೆರಿಗೆ 14.40 ರೂ. ಸೇರಿ ವೆಚ್ಚ 101.51 ರೂ.ಗೆ ಏರುತ್ತದೆ. ಉಳಿಯುವುದು 53 ಪೈಸೆ. ಅದರ ಮೇಲೆ ಬಡ್ಡಿ, ದಂಡದ ಭಯ. ಗುಜರಿ ವ್ಯವಹಾರದಲ್ಲಿ ಖೊಟ್ಟಿ ಬಿಲ್ಲುಗಳ ಹಾವಳಿ ಇರುವುದರಿಂದ ಇದು ಕಾಗದದ ಮೇಲಿನ ಆತಂಕವಷ್ಟೇ ಅಲ್ಲ.

ಮುಂದಿನ ಬೇಡಿಕೆ

2022ರ ಫೆಬ್ರವರಿಯಲ್ಲಿ ಪ್ರಕಟವಾದ ಪ್ಲಾಸ್ಟಿಕ್ ಪ್ಯಾಕಿಂಗ್ ಮಾರ್ಗಸೂಚಿಗಳು ಗಡಸು ಪ್ಯಾಕಿಂಗಿನಲ್ಲಿ ಮರುಬಳಕೆ ಅಂಶದ ಕನಿಷ್ಠ ಪ್ರಮಾಣವನ್ನು 2025-26ಕ್ಕೆ ಶೇ. 30 ಎಂದು ಆರಂಭಿಸಿ, 2028-29ಕ್ಕೆ ಶೇ. 60 ಎಂದು ನಿಗದಿಪಡಿಸಿದವು. ಈ ಹೊಣೆ ಹೊತ್ತ ದೊಡ್ಡ ಕಂಪನಿಗಳು ತಮಗೆ ಡಬ್ಬಿ, ಮುಚ್ಚಳ ಪೂರೈಸುವ ಸಣ್ಣ ಘಟಕಗಳಿಂದಲೂ ಅದನ್ನೇ ಅಪೇಕ್ಷಿಸುವುದು ಸಹಜ. ಈಗಲೇ ಕೈ ಪಳಗಿಸಿಕೊಂಡ ಘಟಕ ಆದೇಶ ಉಳಿಸಿಕೊಳ್ಳುತ್ತದೆ.

ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

1. ಮಾದರಿ ತರಿಸಿ ಸ್ವಂತ ಯಂತ್ರದಲ್ಲಿ ಪರೀಕ್ಷಿಸಬೇಕು. ತಿರಸ್ಕೃತ ಮಾಲಿನ ಪ್ರಮಾಣವನ್ನು ಬರೆದಿಡಬೇಕು.

2. ಜಿಎಸ್‌ಟಿಆರ್-2ಬಿ ತಖ್ತೆಯಲ್ಲಿ ಬಿಲ್ಲು ಮೂಡಿದೆಯೇ ಎಂದು ಪ್ರತಿ ತಿಂಗಳೂ ತಾಳೆ ನೋಡಬೇಕು.

3. ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ವರ್ತಕರು, 2024ರ ಅಕ್ಟೋಬರ್ 10ರಿಂದ ಜಾರಿಗೆ ಬಂದ ನಿಯಮದಂತೆ, ತೆರಿಗೆಯನ್ನು ತಾವೇ ಕಟ್ಟಬೇಕು.

4. ಆಹಾರ ತಾಗುವ ಪ್ಯಾಕಿಂಗಿಗೆ ಆಹಾರ ಸುರಕ್ಷತಾ ನಿಯಮಗಳು ಒಪ್ಪಿದ ಸಾಮಗ್ರಿಯನ್ನಷ್ಟೇ ಬಳಸಬೇಕು.

5. ಮಾರಾಟಗಾರನು ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ತಯಾರಿಕಾ ಘಟಕವಾಗಿದ್ದಲ್ಲಿ, 2006ರ ಕಾಯಿದೆಯಂತೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಂದಾಯವಾಗಬೇಕು.

ಪರಿಸರದ ಹಿತವೂ ಖಜಾನೆಯ ಹಿತವೂ ಒಂದೇ ಖರೀದಿಯಲ್ಲಿ ಕೂಡಿಬರುವ ಸಂದರ್ಭಗಳು ವಿರಳ. ಅಂತಹ ಅವಕಾಶವನ್ನು ಅಗ್ಗದ ಆಸೆಗೆ ಕಳೆದುಕೊಳ್ಳದೆ, ಪರೀಕ್ಷಿಸಿದ ಮಾಲು ಮತ್ತು ಸರಿಯಾದ ಬಿಲ್ಲು ಎರಡನ್ನೂ ಕೇಳಿ ಪಡೆಯುವುದು ಜಾಣ ವ್ಯಾಪಾರಿಯ ಲಕ್ಷಣ.